ಹುಲ್ಲು ಕಾದವನು

ಕರಿಯಣ್ಣನಿಗೆ ಕುರಿ ಕಾಯುವುದು ಹುಟ್ಟಿನಿಂದಲೇ ಬಂದಿತ್ತು. ಹುಲ್ಲು ಕಾಯುವ ಕೆಲಸವೂ ಒಂದಿರುತ್ತದೆ ಎಂದು ಯಾರಾದರೂ ಹೇಳಿದ್ದರೆ, ನಲವತ್ತು ದಾಟುವವರೆಗೂ ಅವನು ನಕ್ಕು ಸುಮ್ಮನಾಗುತ್ತಿದ್ದ.

ಚೌಳಹಿರಿಯೂರು ಹೋಬಳಿಯ ಬಿಳಿಕಲ್ಲಹಳ್ಳಿಯಲ್ಲಿ ಊರಿಗೂ ಕೇರಿಗೂ ನಡುವೆ ಒಂದು ಹಳ್ಳ. ಹಳ್ಳದ ಈಚೆ, ಕೇರಿಯ ಕೊನೆಗೆ ಅವನ ಮನೆ. ಹೊಲ ಅಂತ ಹೇಳಿಕೊಳ್ಳುವುದಕ್ಕೆ ಅಂಗೈಯಗಲ ನೆಲವೂ ಇರಲಿಲ್ಲ. ಒಂದಷ್ಟು ಕುರಿ, ಒಂದು ಹಸು, ಅಷ್ಟೇ. ಹೆಂಡತಿ ಹನುಮಂತಮ್ಮ ಕಳೆಗೆ, ಸುಗ್ಗಿಗೆ ಕೂಲಿ ಹೋಗುತ್ತಿದ್ದಳು. ಮಕ್ಕಳಾಗಲಿಲ್ಲ. ತಂಗಿ ದ್ಯಾವಮ್ಮ ಗಂಡ ಸತ್ತ ಮೇಲೆ ಹೆಣ್ಣುಕೂಸನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದಾಗ, ಕರಿಯಣ್ಣ ತನ್ನ ಗೋಡೆಗೇ ಒತ್ತಿಸಿ ಅವಳಿಗೊಂದು ಗುಡಿಸಲು ಕಟ್ಟಿಕೊಟ್ಟ. ಆ ಕೂಸು ಕರಿಯಮ್ಮ ಎರಡು ಮನೆಗೂ ಒಬ್ಬಳೇ ಮಗಳಾಗಿ ಬೆಳೆದಳು. ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ಮಲಗುತ್ತಿದ್ದಳು. ದ್ಯಾವಮ್ಮ ಹಂಚಿಕಡ್ಡಿ ಕಿತ್ತು ಪೊರಕೆ ಕಟ್ಟಿ ಅಜ್ಜಂಪುರದ ಸಂತೆಗೆ ಹೊರುತ್ತಿದ್ದಳು. ಅದರಲ್ಲೇ ಉಳಿಸಿ ನಾಲ್ಕು ಕುರಿ ಮಾಡಿಕೊಂಡಿದ್ದಳು.

ಇವರೆಲ್ಲರ ಬದುಕು ನಿಂತಿದ್ದದ್ದು ಊರ ಬಡಗಣ ದಿಕ್ಕಿನ ಕಾವಲಿನ ಮೇಲೆ. ಸರ್ಕಾರದ ನೆಲ, ಊರಿನ ಮೇವು. ಊರಿನವರ ದನ, ಕೇರಿಯವರ ಕುರಿ, ಎಲ್ಲಾ ಅಲ್ಲೇ. ಆದರೆ ವರ್ಷ ಬಂದಂಗೆ ಕಾವಲು ಬೋಳಾಗುತ್ತ ಬಂತು. ಕರಿಯಣ್ಣನ ಅಪ್ಪ ಕುಡುಗೋಲು ಹಿಡಿದು ಹೋದರೆ ಸೊಂಟದುದ್ದದ ಹುಲ್ಲು ಕೊಯ್ದು ತಂದು ಮನೆಗೆ ಹೊದಿಸುತ್ತಿದ್ದನಂತೆ. ಈಗ ಕುರಿಯ ಮೂತಿ ನೆಲಕ್ಕೆ ತಾಗಿದರೂ ಹಲ್ಲಿಗೆ ಸಿಕ್ಕುವುದು ನೆಗ್ಗಿಲಮುಳ್ಳು. ಮಳೆ ಕಮ್ಮಿಯಾಯಿತು ಅಂತ ಊರಿನವರು ಹೇಳುತ್ತಿದ್ದರು. ಕೇರಿಯವರ ಕುರಿ ಜಾಸ್ತಿಯಾಯಿತು ಅಂತಲೂ ಹೇಳುತ್ತಿದ್ದರು.

ಎಪ್ಪತ್ತಾರನೇ ಇಸವಿಯ ದೀಪಾವಳಿ ಕಳೆದ ಮೇಲೆ ಪಂಕಜಾಕ್ಷಿ ಬಂದಳು. ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನವರ ಮಗಳು. ಬೆಂಗಳೂರಿನಲ್ಲಿ ಓದಿ, ಇನ್ನೂ ಓದುವುದಿದೆ ಎಂದು ಮದುವೆ ಮುಂದಕ್ಕೆ ಹಾಕಿಕೊಂಡವಳು. ಅರಳಿಕಟ್ಟೆಯ ಮುಂದೆ ನಿಂತು ಅವಳು ಊರಿನವರಿಗೆ ಹೇಳಿದ್ದಿಷ್ಟು. ಕಾವಲಿನಲ್ಲಿ ಮೂರು ತುಂಡು ನೆಲ ಗುರುತು ಮಾಡುತ್ತೇನೆ. ಒಂದರಲ್ಲಿ ಎಂದಿನಂತೆ ದನ ಕುರಿ ಮೇಯಲಿ. ಇನ್ನೊಂದಕ್ಕೆ ಮುಳ್ಳುತಂತಿ ಸುತ್ತಿ ಪೂರ್ತಿ ಬಂದ್ ಮಾಡೋಣ. ಮೂರನೆಯದಕ್ಕೂ ತಂತಿ, ಆದರೆ ಆಗಾಗ ತೆಗೆದು, ಸ್ವಲ್ಪ ದಿನ ಮೇಯಿಸಿ, ಮತ್ತೆ ಮುಚ್ಚೋಣ. ಬೇಲಿ ಕಾಯಲು ಊರಿನವರೇ ಒಬ್ಬರು ಬೇಕು. ಮೂರು ವರ್ಷ ಕಳೆದ ಮೇಲೆ ಯಾವುದರಲ್ಲಿ ಹುಲ್ಲು ಹೆಚ್ಚು ಅಂತ ನೋಡೋಣ.

ಊರ ಯಜಮಾನ ಸೋಮಶೇಖರಪ್ಪನವರು ಎಲೆಯಡಿಕೆ ಉಗಿದು ಬಂದು ಕೇಳಿದರು: "ಹುಲ್ಲಿಗೂ ರೀಸರ್ಚಾ ತಾಯಿ? ಮಳೆ ಬಂದ್ರೆ ಬರ್ತದೆ, ಇಲ್ದಿದ್ರೆ ಇಲ್ಲ. ಇದ್ರಲ್ಲಿ ನೋಡೋದೇನೈತೆ?"

ಯಾರೂ ಕಾಯುವುದಕ್ಕೆ ಒಪ್ಪಲಿಲ್ಲ. ಬೇಲಿ ಕಾಯುವುದೆಂದರೆ ಊರಿನವರನ್ನೆಲ್ಲ ಎದುರು ಹಾಕಿಕೊಳ್ಳುವುದು ಎಂದು ಎಲ್ಲರಿಗೂ ಗೊತ್ತಿತ್ತು. ಕಟ್ಟೆಯಿಂದ ಮಾರು ದೂರದಲ್ಲಿ ಕಂಬಳಿ ಹೊದ್ದು ನಿಂತಿದ್ದ ಕರಿಯಣ್ಣನ ಹತ್ತಿರ ಅವಳೇ ನಡೆದು ಬಂದು, "ನಿಮ್ಮ ತಂದೆಯವರ ಕಾಲದಲ್ಲಿ ಇಲ್ಲಿ ಯಾವ ಹುಲ್ಲಿತ್ತು?" ಎಂದು ಕೇಳಿದಳು. ಬಹುವಚನ ಕೇಳಿ ಕರಿಯಣ್ಣ ಮೊದಲು ಹೊದ್ದ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ. ಆಮೇಲೆ ಹೇಳಿದ. ಹೇಳುತ್ತ ಹೇಳುತ್ತ ತಾನೇ ಒಂದು ಪ್ರಶ್ನೆ ಕೇಳಿದ: "ಅದು ಎಲ್ಲಿಗೋಯ್ತವ್ವಾ?"

"ಅದನ್ನೇ ನೋಡೋಕೆ ಬಂದಿದೀನಿ," ಅಂದಳು.

ಆ ಒಂದು ಮಾತಿಗೆ ಅವನು ಒಪ್ಪಿಕೊಂಡ. ಒಪ್ಪಿದ ಮೇಲೆ ಊರಿನವರ ಕಡೆ ತಿರುಗಿ, ಅಲ್ಲಿಯತನಕ ಕಟ್ಟೆಯ ಮುಂದೆ ಯಾವತ್ತೂ ಗಟ್ಟಿಯಾಗಿ ಮಾತಾಡದವನು, "ಮೂರು ವರ್ಷ ಬಿಟ್ಕೊಡಿ ಬುದ್ಧಿ. ಎಡವಟ್ಟಾದ್ರೆ ನನ್ನ ಕೇಳಿ," ಎಂದ. ಹನುಮಂತಮ್ಮ ಮನೆಗೆ ಬಂದವಳೇ ಅವನನ್ನು ತರಾಟೆಗೆ ತೆಗೆದುಕೊಂಡಳು. "ಊರ ಉಸಾಬರಿ ತಲೆ ಮೇಲೆ ಹಾಕ್ಕೊಂಡಲ್ಲ, ನಿಂಗೇನು ಬಂದಿತ್ತು?"

ಕಲ್ಲುಕಂಬ ನೆಟ್ಟರು, ತಂತಿ ಎಳೆದರು. ಪಂಕಜಾಕ್ಷಿ ತಿಂಗಳಿಗೊಮ್ಮೆ ಬಸ್ಸಿಳಿದು ನಡೆದು ಬರುವಳು. ಕಬ್ಬಿಣದ ಸಲಾಕೆಯ ಒಂದು ಚೌಕ ತಂದಿದ್ದಳು. ಅದನ್ನು ಹುಲ್ಲಿನ ಮೇಲೆ ಇಟ್ಟು, ಒಳಗೆ ಬಿದ್ದಷ್ಟನ್ನು ಕೊಯ್ದು, ಜಾತಿ ಜಾತಿ ಬೇರೆ ಮಾಡಿ, ಒಣಗಿಸಿ ತೂಗುವಳು. ಕರಿಯಣ್ಣ ಚೌಕ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುವನು. ಬಂದ್ ಮಾಡಿದ ತುಂಡೇ ಗೆಲ್ಲುತ್ತದೆ ಅಂತ ಅವನಿಗೆ ಖಾತ್ರಿಯಿತ್ತು. ಬಾಯಿ ಹಾಕುವವರೇ ಇಲ್ಲದ ಮೇಲೆ ಹುಲ್ಲಿಗೆ ಏನು ಕಷ್ಟ? ಮೊದಲ ವರ್ಷ ಹಾಗೇ ಆಯಿತು. ಎರಡನೇ ವರ್ಷ ನೋಡಿದರೆ, ಹಿಂದಿನ ವರ್ಷದ ಹುಲ್ಲು ನಿಂತಲ್ಲೇ ಒಣಗಿ, ಬುಡಕ್ಕೆ ಬಿಸಿಲು ಬೀಳದೆ, ಹೊಸ ಚಿಗುರು ಉಸಿರು ಕಟ್ಟಿಕೊಂಡಿತ್ತು. ಸರದಿಯಲ್ಲಿ ಮೇಯಿಸಿದ ಮೂರನೇ ತುಂಡಿನಲ್ಲಿ ಹುಲ್ಲು ಕಂಬಳಿ ಹಾಸಿದಂತೆ ಒತ್ತಾಗಿ ಎದ್ದಿತ್ತು.

"ನಾನು ಸೋತೆ ಕಣವ್ವಾ," ಎಂದು ಕರಿಯಣ್ಣ ನಕ್ಕ.

"ನಾನೂ ನೀವಂದುಕೊಂಡ ಹಾಗೇ ಅಂದುಕೊಂಡಿದ್ದೆ," ಎಂದಳು ಪಂಕಜಾಕ್ಷಿ. "ದನ ಬೇಕು, ಹುಲ್ಲಿಗೂ ಬೇಕು. ಯಾವಾಗ ಬಿಡಬೇಕು, ಯಾವಾಗ ತೆಗೀಬೇಕು ಅನ್ನೋದಷ್ಟೇ ಮುಖ್ಯ."

ಮಧ್ಯಾಹ್ನ ಅವಳು ಅವನ ಮನೆ ಜಗಲಿಯ ಮೇಲೆ ಕೂತು ಹನುಮಂತಮ್ಮನ ಕೈಯ ಮಜ್ಜಿಗೆ ಕುಡಿಯುತ್ತಿದ್ದಳು. ಈ ಸುದ್ದಿ ಅಜ್ಜಂಪುರದವರೆಗೆ ಹೋಗಿ, ಮಲ್ಲಿಕಾರ್ಜುನಯ್ಯನವರ ಮನೆಯಲ್ಲಿ ಒಂದು ದಿನ ಒಲೆ ಹಚ್ಚಲಿಲ್ಲವಂತೆ. ಅವಳು ಮುಂದಿನ ತಿಂಗಳೂ ಬಂದಳು, ಮಜ್ಜಿಗೆ ಕುಡಿದಳು. ಆ ಎರಡು ವರ್ಷ ಕರಿಯಣ್ಣನ ಬಾಳಿನಲ್ಲಿ ಅತ್ಯಂತ ಸುಖದ ಕಾಲ. ಪಂಕಜಾಕ್ಷಿ ಆ ತುಂಡುಗಳನ್ನು ಪ್ಲಾಟ್ ಅನ್ನುತ್ತಿದ್ದುದನ್ನು ಕೇಳಿ, ಕೇರಿಯಲ್ಲಿ ಅವನನ್ನು 'ಪಿಲಾಟಿನ ಕರಿಯಣ್ಣ' ಅಂತ ಕರೆಯತೊಡಗಿದ್ದರು. ಅವನಿಗದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಮೂರನೇ ವರ್ಷ ಹಿಂಗಾರು ಕೈಕೊಟ್ಟಿತು. ಶಿವರಾತ್ರಿಯ ಹೊತ್ತಿಗೆ ಕಾವಲು ಕೆಂಪಗೆ ಕಾದ ಹೆಂಚಿನಂತಾಯಿತು. ತಂತಿಯೊಳಗೆ ಮಾತ್ರ ಮೊಣಕಾಲುದ್ದ ಒಣಹುಲ್ಲು ಗಾಳಿಗೆ ತೂಗುತ್ತಿತ್ತು. ಊರಿನ ದನ ಬೇಲಿಯ ಪಕ್ಕ ಬಂದು ನಿಂತು ಕುತ್ತಿಗೆ ಚಾಚಿ ಚಾಚಿ, ಮುಳ್ಳು ತಾಗಿ ಮೂತಿಯಲ್ಲಿ ರಕ್ತ ಮಾಡಿಕೊಳ್ಳುತ್ತಿದ್ದವು. ಸೋಮಶೇಖರಪ್ಪನವರ ದನಗಾಹಿ ಚೌಡಪ್ಪ ದಿನಾ ಬಂದು, "ಎಷ್ಟು ದಿನ ಕಾಯ್ತೀಯೋ ನೋಡ್ತೀನಿ ಕಣ್ಲಾ," ಅಂದು ಹೋಗುತ್ತಿದ್ದ. ಪಂಕಜಾಕ್ಷಿ ಬೆಂಗಳೂರಿಗೆ ಹೋಗಿದ್ದಳು. ಮಳೆ ಬರುವತನಕ ಬರುವುದಿಲ್ಲ, ಜೋಪಾನ ಅಂತ ಹೇಳಿ ಹೋಗಿದ್ದಳು.

ಒಂದು ಬೆಳಿಗ್ಗೆ ದ್ಯಾವಮ್ಮ ಗೋಡೆಯಾಚೆಯಿಂದ ಬಂದು ಬಾಗಿಲಲ್ಲಿ ಕೂತಳು.

"ಅಣ್ಣಯ್ಯ, ಆ ಬಿಳಿ ಕುರಿ ಗಬ್ಬ ಐತೆ. ಎದ್ರೆ ಕಾಲು ನಡುಗ್ತವೆ. ನಾಲ್ಕೇ ನಾಲ್ಕು ಕುರಿ. ಒಂದೊತ್ತು ಒಳಗೆ ಬಿಡು."

"ಆಗಾಕಿಲ್ಲ ಕಣವ್ವ."

"ಯಾರಿಗೂ ಕಾಣದಂಗೆ ಬಿಡು. ನಾನೇ ನಿಂತ್ಕೊಂಡು ಹೊಡ್ಕೊಂಡು ಬತ್ತೀನಿ."

"ನಮ್ಮ ಕುರೀನೇ ನಾನು ಬಿಟ್ಟಿಲ್ಲ ದ್ಯಾವಿ. ನಿಂದು ಬಿಟ್ರೆ ನಾಳೆ ಊರ ದನವೆಲ್ಲ ಬತ್ತವೆ. ಮೂರು ವರ್ಷದ್ದು ಮಣ್ಣು ಪಾಲಾಯ್ತದೆ."

ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು. ಕರಿಯಣ್ಣನ ಕುರಿಗಳೂ ಬಡಕಲಾಗಿದ್ದವು. ಎರಡು ಆಗಲೇ ಸತ್ತಿದ್ದವು. ಅದನ್ನು ಅವಳೂ ಬಲ್ಲಳು. ಹಾಗಾಗಿ ಅಣ್ಣನ ಮೇಲೆ ಜಗಳ ತೆಗೆಯಲಿಲ್ಲ.

ಎರಡು ದಿನ ಬಿಟ್ಟು ಮಟಮಟ ಮಧ್ಯಾಹ್ನ ಅವನು ನೀರು ಕುಡಿಯಲು ಹಳ್ಳದ ಒರತೆಗೆ ಹೋಗಿ ವಾಪಸು ಬರುವಷ್ಟರಲ್ಲಿ, ಮೂರನೇ ತುಂಡಿನ ಮೂಲೆಯಲ್ಲಿ ತಂತಿಯನ್ನು ಕವೆಗೋಲಿನಿಂದ ಎತ್ತಿ ನಿಲ್ಲಿಸಲಾಗಿತ್ತು. ಒಳಗೆ ದ್ಯಾವಮ್ಮನ ನಾಲ್ಕು ಕುರಿ ತಲೆ ಎತ್ತದೆ ಮೇಯುತ್ತಿದ್ದವು. ಕವೆಗೋಲಿನ ಹತ್ತಿರ ಅವಳು ನಿಂತಿದ್ದಳು. ಬೇಲಿಯ ಆಚೆ, ಹೊಂಗೆಮರದ ಕೆಳಗೆ, ಚೌಡಪ್ಪ ಊರಿನ ದನಗಳನ್ನು ತರುಬಿಕೊಂಡು ನೋಡುತ್ತ ನಿಂತಿದ್ದ.

"ಏನ್ ಮಾಡ್ತೀಯೋ ಈಗ?" ಅಂದ ಚೌಡಪ್ಪ. "ಅವಳಿಗೊಂದು ನ್ಯಾಯ, ನಮಗೊಂದಾ?"

ಕರಿಯಣ್ಣ ಎತ್ತಿದ ತಂತಿಯ ಕೆಳಗೆ ಬಗ್ಗಿದ. ಒಳಗೆ ಹೋಗಿ ಕುರಿಗಳನ್ನು ಒಟ್ಟು ಮಾಡಿ ಹೊರಗೆ ಹೊಡೆದ. ತಂತಿ ಇಳಿಸಿದ. ಆಮೇಲೆ ಅವುಗಳನ್ನು ಮನೆ ಕಡೆ ತಿರುಗಿಸದೆ ಚೌಳಹಿರಿಯೂರಿನ ದೊಡ್ಡಿಯ ಕಡೆ ತಿರುಗಿಸಿದ. ಬೇಲಿ ನುಗ್ಗಿದ ದನ ಕುರಿಯನ್ನು ದೊಡ್ಡಿಯಲ್ಲಿ ಕೂಡಿಹಾಕಿ ದಂಡ ಕಟ್ಟಿಸಬೇಕೆಂದು ಕಟ್ಟೆಯ ಮುಂದೆ ಅವನೇ ಹೇಳಿದ್ದ. "ಅಣ್ಣಯ್ಯ, ಬ್ಯಾಡ ಕಣೋ, ಅದು ಗಬ್ಬ ಐತೆ," ಎಂದು ದ್ಯಾವಮ್ಮ ಒಂದಷ್ಟು ದೂರ ಹಿಂದೆ ಬಂದಳು. ಆಮೇಲೆ ನಿಂತುಬಿಟ್ಟಳು. ಅವನು ನೆಟ್ಟಗೆ ಮುಂದೆ ನೋಡಿಕೊಂಡು ನಡೆದ. ಆವತ್ತಿನಿಂದ ಮಳೆ ಬರುವವರೆಗೂ ಊರಿನ ಒಂದು ಕರುವೂ ತಂತಿಯ ಹತ್ತಿರ ಬರಲಿಲ್ಲ.

ದೊಡ್ಡಿಯಲ್ಲಿ ನೆರಳಿರಲಿಲ್ಲ, ಮೇವಿರಲಿಲ್ಲ. ದಂಡ ಹೊಂದಿಸಿಕೊಂಡು ದ್ಯಾವಮ್ಮ ಹೋಗುವಷ್ಟರಲ್ಲಿ ಬಿಳಿ ಕುರಿ ತಿಂಗಳು ತುಂಬದ ಮರಿ ಹಾಕಿ, ಅದರ ಪಕ್ಕದಲ್ಲೇ ಕಾಲು ಚಾಚಿತ್ತು. ಉಳಿದ ಮೂರನ್ನು ಅವಳು ಊರಿಗೆ ತರಲಿಲ್ಲ. ಅತ್ತ ಕಡೆಯಿಂದಲೇ ಬೀರೂರು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟಳು. ಆ ವಾರವೇ ಲಿಂಗದಹಳ್ಳಿ ಮೇಲಿನ ಕಾಫಿ ತೋಟಕ್ಕೆ ಆಳು ಹುಡುಕುತ್ತ ಒಬ್ಬ ಮೇಸ್ತ್ರಿ ಬಂದ. ದ್ಯಾವಮ್ಮ ಮಗಳ ಕೈ ಹಿಡಿದು, ಪಾತ್ರೆಯ ಗಂಟು ತಲೆಗಿಟ್ಟುಕೊಂಡು ಲಾರಿ ಹತ್ತಿದಳು. ಹೋಗುವಾಗ ಅತ್ತಿಗೆಗೆ, "ಗುಡಿಸಲ ಬಾಗ್ಲು ಹಾಕಿದೀನಿ, ಬೀಸೋ ಕಲ್ಲು ಒಳಗೈತೆ, ಬೇಕಾದ್ರೆ ತಗೋ," ಎಂದಳು. ಅಣ್ಣ ಜಗಲಿಯ ಮೇಲೆ ಕೂತಿದ್ದ. ಅವನನ್ನು ದಾಟಿಕೊಂಡೇ ಲಾರಿಯ ಕಡೆ ನಡೆದಳು. ಕರಿಯಮ್ಮ ಮಾತ್ರ ಲಾರಿಯ ಹಲಗೆ ಹಿಡಿದು, ತಿರುವು ದಾಟುವವರೆಗೂ ಮಾವನನ್ನೇ ನೋಡುತ್ತಿದ್ದಳು.

ಮುಂಗಾರು ಬಿತ್ತು. ಪಂಕಜಾಕ್ಷಿ ಬಂದಳು. ತುಂಡುಗಳನ್ನೆಲ್ಲ ಸುತ್ತಿ ನೋಡಿ ಖುಷಿಯಾದಳು. ಜಗಲಿಯ ಮೇಲೆ ಕೂತಾಗ ಪಕ್ಕದ ಗುಡಿಸಲು ಯಾಕೆ ಮುಚ್ಚಿದೆ ಅಂತ ಕೇಳಿದಳು. ಹನುಮಂತಮ್ಮ ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಹುಡುಗಿಯ ಮುಖ ಸಣ್ಣದಾಯಿತು.

"ಅಯ್ಯೋ ಕರಿಯಣ್ಣ," ಎಂದಳು, "ನಾಲ್ಕು ಕುರಿ ಒಂದು ಹೊತ್ತು ಮೇಯ್ದಿದ್ರೆ ಏನೂ ಆಗ್ತಿರಲಿಲ್ಲ. ಮೇಯಿಸೋ ತುಂಡೇ ಅಲ್ವಾ ಅದು? ಇಂಥ ದಿನ ಇಷ್ಟು ಮೇಯ್ದವು ಅಂತ ಹೇಳಿದ್ರೆ ಸಾಕಿತ್ತು, ನಾನು ಲೆಕ್ಕಕ್ಕೆ ಸೇರಿಸ್ಕೊಳ್ತಿದ್ದೆ. ನಾನೇ ನಿಮಗೆ ಹೇಳಬೇಕಿತ್ತು."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೇಳಿದ ಮೇಲೆ ಅವಳಿಗೇ ಗೊತ್ತಾಗಿ, ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. ಕರಿಯಣ್ಣ ಎದ್ದು ಹಟ್ಟಿಯ ಕಡೆ ಹೋದ. ಖಾಲಿ ಗೂಟವೊಂದನ್ನು ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದ್ದರೂ ಕಲ್ಲು ತಗೊಂಡು ಬಡಿಯುತ್ತ ನಿಂತ. ಹನುಮಂತಮ್ಮ ಅವನನ್ನು ಕರೆಯಲು ಹೋಗಲಿಲ್ಲ.

ಆದರೆ ಕೆಲಸ ನಿಲ್ಲಲಿಲ್ಲ. ಆ ವರ್ಷದ ಕೊನೆಗೆ ಪಂಕಜಾಕ್ಷಿ ಊರಿನವರನ್ನು ಕಾವಲಿಗೆ ಕರೆದುಕೊಂಡು ಹೋಗಿ, ಮೂರೂ ತುಂಡನ್ನು ತೋರಿಸಿದಳು. ಸೋಮಶೇಖರಪ್ಪನವರು ಸರದಿ ಮೇಯಿಸಿದ ತುಂಡಿನಲ್ಲಿ ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು ಮೂಸಿ ನೋಡಿದರು. ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನುವ ಜನ ಅವರಲ್ಲ. ಇಡೀ ಕಾವಲನ್ನು ನಾಲ್ಕು ಪಾಲು ಮಾಡಿ, ಮೂರು ಪಾಲು ಸರದಿಯಲ್ಲಿ ಮೇಯಿಸುವುದು, ಒಂದು ಪಾಲಿಗೆ ಬಿಡುವು ಕೊಡುವುದು ಅಂತ ಕಟ್ಟೆಯ ಮುಂದೆ ಮಾತಾಯಿತು. ತಂತಿ ಬೇಡ, ಮಾತೇ ಬೇಲಿ. ಯಾವ ಪಾಲಿಗೆ ಬಿಡುವು ಅಂತ ಸಾರುವ ಕೆಲಸ ಕರಿಯಣ್ಣನಿಗೆ ಬಂತು. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕಾವಲು ಮುಖ ತೊಳೆದುಕೊಂಡಂತಾಯಿತು. ಒಂದು ದಿನ ಅವನ ಅಪ್ಪ ಕೊಯ್ಯುತ್ತಿದ್ದ ಹುಲ್ಲೇ, ಸೊಂಟದುದ್ದ ಅಲ್ಲದಿದ್ದರೂ ಮೊಣಕಾಲಿನಿಂದ ಮೇಲಕ್ಕೆ, ಹಳ್ಳದ ಇಳಿಜಾರಿನಲ್ಲಿ ತೆನೆ ಬಿಟ್ಟು ನಿಂತಿತ್ತು. ಕರಿಯಣ್ಣ ಅದರ ನಡುವೆ ತುಂಬ ಹೊತ್ತು ಕೂತಿದ್ದು ಬಂದ. ಲಿಂಗದಹಳ್ಳಿ ಕಡೆ ಹೋಗುವವರು ಸಿಕ್ಕಾಗಲೆಲ್ಲ ತಂಗಿಗೆ ಹೇಳಿ ಕಳಿಸಿದ: ಕಾವಲಿನಲ್ಲಿ ಹುಲ್ಲು ಬಂದಿದೆ, ಬಂದುಬಿಡು, ನನ್ನ ಕುರಿಯಲ್ಲಿ ಅರ್ಧ ನಿನ್ನದು. ಉತ್ತರ ಬರಲಿಲ್ಲ.

ಎಂಬತ್ಮೂರರಲ್ಲಿ ಅರಣ್ಯ ಇಲಾಖೆಯ ಒಂದು ಜೀಪು ಬಂತು. ಅದರಲ್ಲಿ ಬಂದವರು ಕಾವಲನ್ನು ಸುತ್ತಿ, ನಕ್ಷೆ ನೋಡಿ, ಬಿಡುವು ಬಿಟ್ಟಿದ್ದ ಪಾಲಿನ ನಡುವೆ ನಿಂತು ಏನೋ ಮಾತಾಡಿಕೊಂಡು ಹೋದರು. ಸ್ವಲ್ಪ ದಿನಕ್ಕೆ ಊರಿಗೆ ತಿಳಿಯಿತು. ಖಾಲಿ ಬಿದ್ದ ಸರ್ಕಾರಿ ನೆಲದಲ್ಲಿ ನೀಲಗಿರಿ ಹಾಕುತ್ತಾರಂತೆ, ಮರ ಬೆಳೆದು ಕಾರ್ಖಾನೆಗೆ ಹೋಗುತ್ತದಂತೆ.

ಪಂಕಜಾಕ್ಷಿ ಆಗ ಧಾರವಾಡದ ಕಡೆ ಕೆಲಸದಲ್ಲಿದ್ದಳು. ವಿಷಯ ಮುಟ್ಟಿದ ಕೂಡಲೇ ರಜೆ ಹಾಕಿ ಬಂದಳು. ಕರಿಯಣ್ಣನನ್ನು ಕರೆದುಕೊಂಡು ಕಡೂರಿಗೆ ಹೋದಳು, ಅಲ್ಲಿಂದ ಚಿಕ್ಕಮಗಳೂರಿಗೆ ಹೋದಳು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸಿದರು. ಕೊನೆಗೆ ಸಿಕ್ಕ ಸಾಹೇಬರು ಸಮಾಧಾನದ ಮನುಷ್ಯ. ಕೂರಿಸಿ ಟೀ ತರಿಸಿದರು. ಅವಳ ಮಾತನ್ನೆಲ್ಲ ಕೇಳಿ, "ಮೇಡಂ, ನಿಮ್ಮ ಸ್ಟಡಿ ಚೆನ್ನಾಗಿರಬಹುದು," ಎಂದರು. "ಆದರೆ ನಮ್ಮೋರು ಸ್ಪಾಟಿಗೆ ಹೋಗಿ ನೋಡಿದಾರೆ. ಎಷ್ಟೋ ತಿಂಗಳಿಂದ ಆ ಜಾಗಕ್ಕೆ ಒಂದು ದನ ಕಾಲಿಟ್ಟಿಲ್ಲ. ಉಪಯೋಗಕ್ಕೆ ಇಲ್ಲದ ಜಾಗ ಅಂತಲೇ ರಿಪೋರ್ಟ್ ಆಗಿದೆ."

"ಅದು ಬಿಡುವು ಸಾರ್. ಆ ಬಿಡುವಿನಿಂದಲೇ ಉಳಿದ ಮೂರು ಪಾಲು ನಡೀತಿದೆ."

"ಅದು ನಮಗೆ ಹೇಗೆ ಗೊತ್ತಾಗಬೇಕು, ಹೇಳಿ."

ಕರಿಯಣ್ಣ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಸಾಹೇಬರ ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಲಿತ್ತು ಅನ್ನಿಸಿತು ಅವನಿಗೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಪಂಕಜಾಕ್ಷಿ ಅವನ ಮುಖ ನೋಡದೆ, "ನಾನು ಇನ್ನೂ ಮೇಲಿನೋರಿಗೆ ಬರೀತೀನಿ," ಎಂದಳು. ಅವಳು ಬರೆದಳು ಕೂಡ. ಬರೆದದ್ದಕ್ಕೆ ಉತ್ತರ ಬರುವ ಮೊದಲೇ ಟ್ರೆಂಚು ತೋಡುವ ಯಂತ್ರ ಬಂದು, ಬಿಡುವಿನ ಪಾಲಿನಿಂದ ಶುರುಮಾಡಿ ಕಾವಲಿನ ಮುಕ್ಕಾಲು ಭಾಗವನ್ನು ಸುತ್ತುಗಟ್ಟಿತ್ತು. ಹಳ್ಳದ ಇಳಿಜಾರಿನ ಹುಲ್ಲನ್ನು ಬೇರು ಸಮೇತ ಮಗುಚಿ ಸಾಲು ಹೊಡೆದರು.

ಊರಿನವರು ಕರಿಯಣ್ಣನನ್ನು ಕಟ್ಟೆಯ ಮುಂದಕ್ಕೆ ಕರೆಸಿದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಸೋಮಶೇಖರಪ್ಪನವರು ನಿಧಾನವಾಗಿ, "ಮೊದಲು ತಂತಿ ಬಂದಿದ್ದು ನಿನ್ನ ಮಾತಿನಿಂದ. ಕಾವಲು ಬೋಳಾಗಿದ್ದಿದ್ರೆ, ದನ ತುಳೀತಾ ಇದ್ದಿದ್ರೆ, ಯಾರು ಬಂದು ನೋಡ್ತಿದ್ರು ಇದನ್ನ?" ಎಂದರು. "ಎಡವಟ್ಟಾದ್ರೆ ನನ್ನ ಕೇಳಿ ಅಂದಿದ್ದೆ. ಕೇಳ್ತಾ ಇದೀವಿ."

ಆ ಮಾತಿನಲ್ಲಿ ಎಲ್ಲೋ ಒಂದು ತಪ್ಪಿದೆ ಅಂತ ಕರಿಯಣ್ಣನಿಗೆ ಗೊತ್ತಿತ್ತು. ಅದು ಎಲ್ಲಿ ಅಂತ ತೋರಿಸಿಕೊಡಲು ಪಂಕಜಾಕ್ಷಿ ಬೇಕಿತ್ತು. ಅವಳು ವಾಪಸು ಹೋಗಿಯಾಗಿತ್ತು. ನೀಲಗಿರಿ ಕಾಯುವುದಕ್ಕೆ ಅವನನ್ನೇ ವಾಚರ್ ಮಾಡುತ್ತೇವೆ, ಅನುಭವ ಇದೆಯಲ್ಲ, ಎಂದು ಇಲಾಖೆಯವರು ಹೇಳಿ ಕಳಿಸಿದರು. ಒಲ್ಲೆ ಎಂದ. ಆ ಕೆಲಸ ಚೌಡಪ್ಪನಿಗೆ ಹೋಯಿತು. ಉಳಿದ ಒಂದು ಪಾಲಿನಲ್ಲಿ ಊರಿನ ದನವೆಲ್ಲ ಬಿದ್ದು, ಒಂದು ಬೇಸಿಗೆಗೆ ಅದೂ ಮಣ್ಣಾಯಿತು. ಕರಿಯಣ್ಣ ಕುರಿಗಳನ್ನು ಮಾರಿ, ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಹೊರುವ ಹಮಾಲಿ ಕೆಲಸಕ್ಕೆ ಹೋಗತೊಡಗಿದ.

ಆ ವರ್ಷವೇ ಅವನು ತಂಗಿಯನ್ನು ನೋಡಲು ಹೋದದ್ದು. ತರೀಕೆರೆಗೆ ಹೋಗಿ, ಲಿಂಗದಹಳ್ಳಿ ಬಸ್ಸು ಹಿಡಿದು, ಅಲ್ಲಿಂದ ಮೇಲಕ್ಕೆ ನಡೆದ. ತೋಟದ ಕೂಲಿ ಲೈನಿನ ಒಂದು ಮನೆಯ ಮುಂದೆ ದ್ಯಾವಮ್ಮ ಕಾಲು ಚಾಚಿ ಕೂತಿದ್ದಳು. ಕಾಲು ಊದಿತ್ತು. ಕೂದಲು ಬೆಳ್ಳಗಾಗಿತ್ತು. ಕರಿಯಮ್ಮನಿಗೆ ಅಲ್ಲೇ ತೋಟದ ಆಳೊಬ್ಬನ ಜೊತೆ ಮದುವೆಯಾಗಿತ್ತು. ಮದುವೆಗೆ ಹೇಳಿ ಕಳಿಸಿರಲಿಲ್ಲ.

"ಬಾ ಅಣ್ಣಯ್ಯ," ಎಂದಳು, ನಿನ್ನೆ ಮೊನ್ನೆ ಬಿಟ್ಟು ಬಂದವಳ ಹಾಗೆ. ಚಾಪೆ ಹಾಕಿದಳು. ಅತ್ತಿಗೆಯ ಯೋಗಕ್ಷೇಮ ಕೇಳಿದಳು. ಆಮೇಲೆ, "ನೀನು ಹೇಳಿ ಕಳಿಸಿದ್ದೆಲ್ಲ ಮುಟ್ತು. ಬರಬೇಕು ಅಂತಲೇ ಇದ್ದೆ. ಹುಲ್ಲು ಈಗ್ಲೂ ಹಂಗೇ ಐತಾ?" ಎಂದಳು.

ಕರಿಯಣ್ಣ ಹೇಳಿದ. ಜೀಪು, ಟ್ರೆಂಚು, ನೀಲಗಿರಿ, ಕಟ್ಟೆಯ ಮಾತು, ಎಲ್ಲ ಹೇಳಿದ. ಜಗಲಿಯ ಮೇಲೆ ಪಂಕಜಾಕ್ಷಿ ಆಡಿದ್ದ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಬಿಡಬಹುದಿತ್ತಂತೆ ಅಂತ ಈಗ ಹೇಳಿ ಅವಳ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕುವುದು ಯಾಕೆ ಅನ್ನಿಸಿತು.

ದ್ಯಾವಮ್ಮ ಊದಿದ ಕಾಲನ್ನು ಒತ್ತಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

"ಕುರಿ ಸತ್ತಿದ್ದಕ್ಕೆ ನಂಗೆ ನಿನ್ನ ಮೇಲೆ ಬೇಜಾರಿಲ್ಲ ಕಣಣ್ಣ," ಎಂದಳು ಕೊನೆಗೆ. "ಮನ್ಲಿದ್ದಿದ್ರೂ ಸಾಯ್ತಿತ್ತೇನೋ. ಅಷ್ಟು ದೂರ ಕೂಗ್ಕೊಂಡು ಬಂದೆ, ನೀನು ಒಂದ್ಸಲ ತಿರುಗಿ ನೋಡ್ಲಿಲ್ಲ. ಅದೊಂದು ಮರೆಯಕ್ಕಾಗ್ಲಿಲ್ಲ."

"ತಿರುಗಿದ್ರೆ ಕೈಲಾಗ್ತಿರ್ಲಿಲ್ಲ ದ್ಯಾವಿ."

"ಅದೂ ಗೊತ್ತು ಬಿಡು," ಎಂದು ಅವಳು ಗೋಡೆ ಹಿಡಿದು ಎದ್ದು, ಅನ್ನಕ್ಕಿಡಲು ಒಳಗೆ ಹೋದಳು. ಅವನು ಉಂಡ. ಊರಿಗೆ ಬಾ ಅಂತ ಕರೆಯುವುದಕ್ಕೆ ಈಗ ಬಾಯಿ ಬರಲಿಲ್ಲ, ಅವಳೂ ಬರುತ್ತೇನೆ ಅನ್ನಲಿಲ್ಲ. ಸಂಜೆಯ ಬಸ್ಸಿಗೆ ಕರಿಯಮ್ಮ ರಸ್ತೆಯವರೆಗೆ ಬಂದು, ಮಾವನ ಕೈಗೆ ಒಂದಷ್ಟು ಕಾಫಿಪುಡಿಯ ಪೊಟ್ಟಣ ಕೊಟ್ಟಳು.

ಕರಿಯಣ್ಣ ಮುಂದೆ ಮೂರು ನಾಲ್ಕು ವರ್ಷ ಬದುಕಿದ್ದ. ಮೂಟೆ ಹೊತ್ತು ಹೊತ್ತು ಎದೆನೋವು ಹತ್ತಿಕೊಂಡಿತು. ಒಂದು ಯುಗಾದಿಯ ಮಾರನೆ ದಿನ, ಸ್ಟೇಷನ್ನಿನ ಬೇವಿನ ಮರದ ಕೆಳಗೆ ಬೀಡಿ ಹಚ್ಚಿಕೊಂಡು ಕೂತವನು ಹಾಗೇ ಒರಗಿಬಿಟ್ಟ. ಕೇರಿಯವರನ್ನು ಮಣ್ಣು ಮಾಡುವ ಜಾಗ ಕಾವಲಿನ ಆಚೆ ಅಂಚಿನಲ್ಲಿ. ನೇರ ಹೋಗುವ ದಾರಿಗೆ ಟ್ರೆಂಚು ಅಡ್ಡ ಇದ್ದುದರಿಂದ, ಹೆಣವನ್ನು ನೀಲಗಿರಿಯನ್ನು ಪೂರ್ತಿ ಸುತ್ತಿಕೊಂಡು ಹೊರಬೇಕಾಯಿತು. ಚೌಡಪ್ಪ ವಾಚರ್ ಟೋಪಿ ತೆಗೆದು ದೂರದಲ್ಲಿ ನಿಂತಿದ್ದು, ಕೊನೆಯ ತಿರುವಿನಲ್ಲಿ ತಾನೂ ಬಂದು ಹೆಗಲು ಕೊಟ್ಟ.

ದ್ಯಾವಮ್ಮ ಮೂರನೇ ದಿನ ಬಂದಳು, ಮಗಳ ಹೆಗಲು ಹಿಡಿದುಕೊಂಡು. ತಿಥಿ ಮುಗಿಯುವತನಕ ಇದ್ದಳು. ಹೊರಡುವ ಬೆಳಿಗ್ಗೆ ಅತ್ತಿಗೆಯ ಪಕ್ಕ ಕೂತು, "ಇಲ್ಲಿ ಒಬ್ಬಳೇ ಏನ್ ಮಾಡ್ತೀಯ? ನಡಿ, ನಮ್ಮ ಲೈನಿನಾಗೆ ಜಾಗ ಐತೆ. ಮೆಣಸು ಆರಿಸೋದು ಕೂತ್ಕೊಂಡೇ ಮಾಡೋ ಕೆಲಸ," ಎಂದಳು.

ಹನುಮಂತಮ್ಮ ಒಳಗೆ ಹೋಗಿ ಒಲೆಯ ಬೂದಿಯನ್ನು ಬಳಿದು ಹೊರಗೆ ಚೆಲ್ಲಿದಳು, ಎರಡು ಸೀರೆ ಗಂಟು ಕಟ್ಟಿದಳು, ಬಾಗಿಲು ಹಾಕಿಕೊಂಡು ಬಂದಳು. ಮೂವರು ಹೆಂಗಸರು ಹಳ್ಳ ದಾಟಿ, ಬಸ್ಸಿನ ರಸ್ತೆಗೆ ನಡೆದರು.